ಗೌಜಲವ್ವ ಹೆಸರಿಟ್ಟ ಕೆಲಸ

ಪ್ರೋಗ್ರಾಂ ಬರೆಯಲು ಕಂಪ್ಯೂಟರಿನ ಮುಂದೆ ಕೂತು, ‘ಫಂಕ್ಷನ್ ಅಂದರೇನು, ಮೆಥಡ್ ಅಂದರೇನು’ ಎಂದು ತಲೆ ಕೆರೆದುಕೊಳ್ಳುವ ಮಕ್ಕಳೇ, ಸ್ವಲ್ಪ ಈಚೆ ಬನ್ನಿ. ನನ್ನ ತಲೆಗೆ ಅದು ಹತ್ತಿದ್ದು ಒಂದು ಗೌಜಲಹಕ್ಕಿಯಿಂದ. ಅದರ ಉಪಕಾರವನ್ನು ನಾನು ಮರೆತಿಲ್ಲ.

ಕುರುಚಲು ಕಾಡಿನ ಕೆರೆಯಂಚಿನಲ್ಲಿ ಗೌಜಲವ್ವ ತನ್ನ ಐದು ಮರಿಗಳೊಂದಿಗೆ ಇದ್ದಳು. ಒಳ್ಳೆಯವಳೇ, ಆದರೆ ಬಾಯಿ ತೆರೆದರೆ ಮುಚ್ಚುವವಳಲ್ಲ. ಏನನ್ನೇ ಆಗಲಿ ಮೊದಲಿನಿಂದ ಕೊನೆಯವರೆಗೆ ಬಿಡಿಸಿ ಹೇಳಬೇಕು ಅವಳಿಗೆ.

ಒಂದು ಬೆಳಿಗ್ಗೆ ಆಕಾಶದಲ್ಲಿ ಗಿಡುಗ ಕಂಡಿತು.

"ಮಕ್ಕಳೇ, ಮೊದಲು ಕೆದಕೋದು ನಿಲ್ಲಿಸಿ. ಆಮೇಲೆ ತಲೆ ಬಗ್ಗಿಸಿ. ಆಮೇಲೆ ಓಡಿ. ಓಡಿ ಹೋದಮೇಲೆ..."

ಪಾಠ ಮುಗಿಯುವ ಮೊದಲೇ ಗಿಡುಗದ ಉಗುರು ಕಿರಿಮರಿಯ ಬೆನ್ನು ಗೀರಿತ್ತು. ಮರಿ ಉಳಿದದ್ದೇ ದೊಡ್ಡದು. ಗೌಜಲವ್ವ ಅಳುತ್ತ ಕೂತಳು.

ನೆರೆಯ ಆಮೆಯಜ್ಜ ಮೆಲ್ಲಗೆ ಬಂದ. "ಇದನ್ನೆಲ್ಲ ದಿನಾ ಯಾಕೆ ಹೇಳ್ತೀಯ ತಾಯಿ? ಬಿಡುವಾಗಿದ್ದಾಗ ಒಂದು ಸಲ ಪೂರ್ತಿ ಕಲಿಸು. ಅದಕ್ಕೆ ‘ಅಡಗು’ ಅಂತ ಹೆಸರಿಡು. ಗಿಡುಗ ಬಂದಾಗ ಆ ಹೆಸರೊಂದನ್ನೇ ಕೂಗು."

ಗೌಜಲವ್ವ ಆ ಸಂಜೆಯೇ ಕಲಿಸಿದಳು. ಮರುದಿನ ಪರೀಕ್ಷೆಗೆಂದು "ಅಡಗು" ಅಂದಳು. ಎರಡು ಮರಿ ಪೊದೆಗೆ ಓಡಿದವು, ಎರಡು ಬಂಡೆಗೆ. ಕಿರಿಮರಿ ನಡುವೆ ನಿಂತು, "ಎಲ್ಲಿ, ಅವ್ವ?" ಎಂದಿತು.

ಅಜ್ಜ ನಕ್ಕ. "ಎಲ್ಲಿ ಅನ್ನೋದು ದಿನಕ್ಕೊಂದು ಥರ. ಅದನ್ನ ಕರೆಯುವಾಗಲೇ ಜೊತೆಗೆ ಕೊಡು."

ಮೂರನೇ ದಿನ ಗಿಡುಗ ಎರಗಿತು. "ಅಡಗು, ಬಂಡೆ!" ಅಷ್ಟೇ. ಐದೂ ಮರಿಗಳು ಬಂಡೆಯಡಿ ಸೇರಿದವು. ಗಿಡುಗಕ್ಕೆ ಸಿಕ್ಕಿದ್ದು ಬರೀ ಧೂಳು.

ಕೆಲವು ದಿನಗಳ ಮೇಲೆ ಆಮೆಯಜ್ಜ ಬಿದ್ದ ಅತ್ತಿಹಣ್ಣಿಗೆ ಕತ್ತು ಚಾಚಿ ಮೈಮರೆತಿದ್ದ. ಅವನ ಹಿಂದೆ ನರಿ ಹೊಂಚುಹಾಕಿ ಬರುವುದು ಗೌಜಲವ್ವನಿಗೆ ಕಂಡಿತು.

"ಅಜ್ಜ, ಮೊದಲು ಕತ್ತು..." ಎಂದು ಶುರುಮಾಡಿದವಳು ತಟ್ಟನೆ ಬಾಯಿ ಮುಚ್ಚಿದಳು. ಮತ್ತೆ ತೆರೆದಾಗ ಹೇಳಿದ್ದು ಇಷ್ಟೇ: "ಅಜ್ಜ, ಅಡಗು!"

ನರಿಯ ಹಲ್ಲು ಚಿಪ್ಪಿಗೆ ಟಕ್ಕೆಂದು ತಾಗಿತು. ಕಚ್ಚಿ, ಹೊರಳಿಸಿ, ಸಾಕಾಗಿ ಅದು ಹೊರಟುಹೋಯಿತು.

"ಅವ್ವ, ಎಲ್ಲಿ ಅಂತ ನೀನು ಹೇಳಲೇ ಇಲ್ಲ. ಅಜ್ಜ ಓಡಲೂ ಇಲ್ಲ," ಎಂದಿತು ಕಿರಿಮರಿ.

"ಅಜ್ಜ ಅಡಗೋ ರೀತಿಯೇ ಬೇರೆ, ಮಗಾ. ಅವರ ಜಾಗ ಅವರ ಬೆನ್ನ ಮೇಲೇ ಇದೆ. ಅವರನ್ನ ಕರೆದರೆ ಸಾಕು, ಹೇಗೆ ಅನ್ನೋದು ಅವರಿಗೆ ಗೊತ್ತು."

ಮರಿಗಳಿಗೆ ಕಲಿಸಿ ಹೆಸರಿಟ್ಟದ್ದನ್ನು ನೀವು ಫಂಕ್ಷನ್ ಅನ್ನುತ್ತೀರಿ, ಅಜ್ಜನ ಮೈಗೇ ಸೇರಿದ್ದನ್ನು ಮೆಥಡ್ ಅನ್ನುತ್ತೀರಿ.

ಆಮೆಯಜ್ಜ ತಲೆ ಹೊರಹಾಕಿದ. "ನಿನ್ನಿಂದ ನನ್ನ ಕತ್ತು ಉಳಿಯಿತು, ತಾಯಿ."

ತನ್ನ ಮರಿಗಳನ್ನು ಉಳಿಸಿಕೊಟ್ಟವನಿಗೆ ಹೇಳಬೇಕಾದದ್ದು ಗೌಜಲವ್ವನಲ್ಲಿ ಬೆಟ್ಟದಷ್ಟಿತ್ತು. ಅವಳು ಒಂದು ಅತ್ತಿಹಣ್ಣನ್ನು ಕೊಕ್ಕಿನಿಂದ ಅವನ ಮುಂದೆ ಉರುಳಿಸಿ ಸುಮ್ಮನೆ ನಿಂತಳು. ಅಜ್ಜನಿಗೆ ಎಲ್ಲ ಅರ್ಥವಾಯಿತು.

ನೀತಿ: ಒಮ್ಮೆ ಸರಿಯಾಗಿ ಕಲಿಸಿ ಹೆಸರಿಟ್ಟ ಕೆಲಸಕ್ಕೆ, ಬೇಕಾದಾಗ ಒಂದು ಕರೆ ಸಾಕು.