ಜೋಡಿಪದದ ಕೆರೆ

ಕೊಪ್ಪಳ ಸೀಮೆಯ ಕಲ್ಲುಗುಡ್ಡಗಳ ನಡುವೆ ಇರುವ ನಮ್ಮ ಕೆರೆಗೆ ಜೋಡಿಪದದ ಕೆರೆ ಎಂದು ಹೆಸರು. ನೋಡಲು ಬಂದವರು ಏರಿಯ ಮೇಲೆ ನಿಂತು ಫೋಟೋ ತೆಗೆದುಕೊಂಡು ಹೊರಟುಬಿಡುತ್ತಾರೆ. ತೂಬಿನ ಕಡೆಗೆ ಇಳಿಯುವವರು ಕಡಿಮೆ. ಇಳಿದವರಿಗೆ ಆಳೆತ್ತರದ ಕರಿಕಲ್ಲೊಂದು ಕಾಣುತ್ತದೆ. ಅದರ ಎರಡು ಮಗ್ಗುಲಿಗೂ ಹಗ್ಗ ಉಜ್ಜಿದ ಗೀರುಗಳಿವೆ; ಕಲ್ಲು ತುಸು ಎಡಕ್ಕೆ ವಾಲಿದೆ. ಹಿಂದೊಬ್ಬ ಎಂಜಿನಿಯರ್ ಬಂದು ಅದನ್ನು ನೆಟ್ಟಗೆ ನಿಲ್ಲಿಸುತ್ತೇನೆಂದಾಗ ನಾನೇ ಅಡ್ಡ ನಿಂತು ಜಗಳವಾಡಿದೆ. ಆ ಕಲ್ಲಿನ ಕಥೆಯನ್ನು ನನಗೆ ಕುಳಿತು ಹೇಳಲು ಬರುವುದಿಲ್ಲ. ಮೂಡಲಲ್ಲಿ ಮೋಡ ಕಂಡರಂತೂ ಕಾಲು ಒಂದೆಡೆ ನಿಲ್ಲುವುದೇ ಇಲ್ಲ.

ಹಿಂದೆ ಒಮ್ಮೆ, ಇಲ್ಲಿ ಪಾಳೆಯಗಾರರ ಆಳ್ವಿಕೆಯಿದ್ದ ಕಾಲದಲ್ಲಿ, ಕೆರೆ ಕಟ್ಟಲು ಒಡ್ಡರನ್ನು ಕರೆಸಿದ್ದರಂತೆ. ಅವರ ಮನೆಮಾತು ತೆಲುಗು. ಮಣ್ಣು ಹೊರಲು ಎತ್ತುಗಳು ಬೇಕಾಗಿ, ಆ ದಾರಿಯಲ್ಲಿ ಉಪ್ಪು ಸಾಗಿಸುತ್ತಿದ್ದ ಲಂಬಾಣಿಗರನ್ನೂ ನಿಲ್ಲಿಸಿಕೊಂಡರು. ಇಬ್ಬರೂ ಏರಿಯ ಕೆಳಗಿನ ಬಯಲಿನಲ್ಲೇ ಬಿಡಾರ ಹೂಡಿದರು. ಆದರೆ ಒಬ್ಬರ ಒಲೆಯ ಹೊಗೆ ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ಏರಿ ಎದ್ದಿತು, ತೂಬಿನ ಜಾಗದಲ್ಲಿ ಮಾತ್ರ ಬಾಯಿ ತೆರೆದಿತ್ತು. ಅಲ್ಲಿಗೆ ಈ ಕಲ್ಲನ್ನು ಎಳೆದು ಕೂರಿಸಬೇಕಿತ್ತು. ಒಂದು ಹಗ್ಗಕ್ಕೆ ಒಡ್ಡರ ಹುಡುಗರು, ಇನ್ನೊಂದಕ್ಕೆ ಲಂಬಾಣಿ ಹುಡುಗರು ನಿಂತರು. ಭಾರ ಎಳೆಯುವಾಗ ಇಬ್ಬರೂ ತಮ್ಮ ತಮ್ಮ ಪದ ಹಾಡುವವರು; ಆದರೆ ಒಡ್ಡರು ಪದದ ಕೊನೆಯ ಮಾತಿಗೆ ಎಳೆಯುವವರು, ಲಂಬಾಣಿಗರು ಮೊದಲ ಮಾತಿಗೇ ಎಳೆಯುವವರು. ಎರಡು ಪದಗಳೂ ಒಟ್ಟಿಗೆ ಶುರುವಾದವು. ಇವರು ಎಳೆದಾಗ ಅವರು ಸಡಿಲ ಬಿಟ್ಟರು, ಅವರು ಎಳೆದಾಗ ಇವರು. ಕಲ್ಲು ಹಿಂದಕ್ಕೆ ಜಾರಿ ಭೀಕ್ಯಾ ಎಂಬ ಲಂಬಾಣಿ ಹುಡುಗನ ಕಾಲನ್ನು ಜಜ್ಜಿತು. ಬೇಕೆಂದೇ ಕೈ ಬಿಟ್ಟರೆಂದು ಲಂಬಾಣಿಗರು, ಹಾಡಲು ಬಾರದವರೆಂದು ಒಡ್ಡರು ಕೂಗಾಡಿ, ಬಡಿಗೆಗಳು ಹೊರಬಂದವು. ಕಲ್ಲು ಇಳಿಜಾರಿನಲ್ಲೇ ಉಳಿಯಿತು.

ಭೀಕ್ಯಾನ ಅಕ್ಕ ಜೀವ್ಲಿ. ಕಾಲಿಗೆ ಕಟ್ಟು ಕಟ್ಟಿದ ವೈದ್ಯ, ಹುಡುಗನನ್ನು ಅಲುಗಿಸಿದರೆ ಕಾಲು ಉಳಿಯುವುದಿಲ್ಲವೆಂದು ಹೇಳಿ ಹೋಗಿದ್ದ. ಅವನು ಮಲಗಿದ್ದ ಗುಡಾರವೋ ಏರಿಯ ಬಾಯಿಗೆ ನೇರ ಕೆಳಗೆ. ಗುಡ್ಡದ ಆಚೆ ಗುಡುಗತೊಡಗಿತ್ತು. ಹೊಳೆ ಬಂದು ಆ ಬಾಯಿಯಿಂದ ನುಗ್ಗಿದರೆ ತಮ್ಮನನ್ನು ಎತ್ತಿ ಅವನ ಕಾಲು ಕಳೆಯಬೇಕು, ಇಲ್ಲವೇ ಅಲ್ಲೇ ಬಿಟ್ಟು ಅವನನ್ನೇ ಕಳೆದುಕೊಳ್ಳಬೇಕು. ಅವಳು ಗುಡಾರದ ಒಳಗೂ ಹೊರಗೂ ಸುತ್ತುತ್ತಲೇ ಇದ್ದಳು. ಹಾಗೆ ಸುತ್ತುವಾಗ, ಅತ್ತ ಒಡ್ಡರ ಹೆಂಗಸರು ಹಾಡುತ್ತ ಮಣ್ಣು ದಮ್ಮಸ್ಸು ಮಾಡುವುದು ಕಿವಿಗೆ ಬಿತ್ತು. ದಿಮ್ಮಿ ನೆಲಕ್ಕೆ ಬೀಳುತ್ತಿದ್ದುದು ಪದದ ತುದಿಯಲ್ಲಿ. ಅವಳು ತಾಂಡಾದ ಯಾರನ್ನೂ ಕೇಳದೆ ನೇರ ಒಡ್ಡರ ಬಿಡಾರಕ್ಕೆ ನಡೆದಳು. ಅಂದು ಒಡ್ಡರ ಸಾಲಿಗೆ ಪದ ಹೇಳಿಕೊಟ್ಟು, ಕಲ್ಲು ಜಾರಿದಾಗಿನಿಂದ ಊಟ ಬಿಟ್ಟು ಕೂತಿದ್ದ ಚೌಡಪ್ಪನೆದುರು ನಿಂತು, ಇಬ್ಬರಿಗೂ ಬರುತ್ತಿದ್ದ ಸಂತೆಯ ಕನ್ನಡದಲ್ಲಿ ಹೇಳಿದಳು: “ನಿಮ್ಮ ಕಡೀ ಮಾತಿನ ಮ್ಯಾಲೇ ನಮ್ಮ ಮೊದಲನೇ ಮಾತು ಬೀಳಲಿ. ನೀವು ಮುಗಸ್ರಿ, ನಾವು ಎತ್ತತೀವಿ. ಹಗ್ಗ ಒಂದಾ ಸಲ ಬಿಗೀತದ.”

ಒಡ್ಡರ ಹಿರಿಯ ಯಲಗಪ್ಪ ಒಪ್ಪಲಿಲ್ಲ. ಕಲ್ಲಿಗೆ ಕುಲದ ಪದವೇ ಆಗಬೇಕು, ಪರರ ಮಾತು ಬೆರೆತರೆ ಕಲ್ಲು ಸೀಳುತ್ತದೆ ಎಂಬುದು ಅವನ ನಂಬಿಕೆ. ತಾಂಡಾದ ನಾಯಕನೂ ಬೇಡವೆಂದು ತಲೆಯಾಡಿಸಿದ. ಹಿರಿಯರ ಈ ಹಟ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಚೌಡಪ್ಪ ಮಾತ್ರ ಎದ್ದು ಬಂದ; ಎರಡೂ ಕಡೆಯ ಹುಡುಗ ಹುಡುಗಿಯರು ಹಿರಿಯರ ಮಾತು ಕೇಳದೆ ಹಗ್ಗ ಹಿಡಿದರು. ಒಡ್ಡರ ಪದ ಮುಗಿಯುವಲ್ಲಿ ಜೀವ್ಲಿಯ ಪದ ಎದ್ದಿತು, ಕಲ್ಲು ಮೇಲೆ ಸರಿಯಿತು. ಜೀವ್ಲಿಯ ಪದ ಮುಗಿಯುವ ತನಕ ಎಲ್ಲರಿಗೂ ಉಸಿರಾಡಲು ಬಿಡುವು. ಮತ್ತೆ ಚೌಡಪ್ಪ, ಮತ್ತೆ ಜೀವ್ಲಿ. ಕಲ್ಲು ತೂಬಿನ ಬಾಯಿಗೆ ಬಂದಾಗ ಮಳೆ ಹನಿಯತೊಡಗಿತು, ಆಗಲೇ ಚೌಡಪ್ಪನ ಗಂಟಲು ಕಟ್ಟಿಹೋಯಿತು. ಕೊನೆಯ ಮಾತು ಬರಲಿಲ್ಲ. ಅದು ಬಾರದೆ ಜೀವ್ಲಿ ತನ್ನ ಪದ ಎತ್ತುವಂತಿಲ್ಲ, ಯಾರೂ ಎಳೆಯುವಂತಿಲ್ಲ. ಎಡಗಡೆಯ ಹಗ್ಗ ಕೈಗಳಲ್ಲಿ ಜಾರತೊಡಗಿತು. ಜೀವ್ಲಿ ಕೆಳಗಿನ ಗುಡಾರವನ್ನೊಮ್ಮೆ ನೋಡಿದಳು. ಆಗ ಹಿಂದಿನಿಂದ ಮುದುಕನ ಒಡಕು ದನಿಯೊಂದು ಆ ಕೊನೆಯ ಮಾತನ್ನು ಹಾಡಿತು. ಯಲಗಪ್ಪ ಬಂದು ಹಗ್ಗ ಹಿಡಿದಿದ್ದ. ಜೀವ್ಲಿ ಎತ್ತಿದಳು, ಕಲ್ಲು ವಾಲಿಕೊಂಡೇ ಕೂತಿತು.

ಆ ವರ್ಷವೇ ಕೆರೆ ತುಂಬಿತು, ಭೀಕ್ಯಾ ಕುಂಟುತ್ತ ಎದ್ದು ಓಡಾಡಿದ ಎನ್ನುತ್ತಾರೆ. ಆಮೇಲೆ ಒಡ್ಡರು ಇನ್ನೊಂದು ಕೆಲಸ ಹುಡುಕಿ ಹೋದರು, ಲಂಬಾಣಿಗರು ಎತ್ತು ಹೊಡೆದುಕೊಂಡು ಇನ್ನೊಂದು ದಾರಿ ಹಿಡಿದರು. ಮತ್ತೆಂದಾದರೂ ಎದುರಾದರೋ ಇಲ್ಲವೋ, ಯಾರೂ ಹೇಳುವುದಿಲ್ಲ. ಕಥೆಯ ಈ ಜಾಗ ನನ್ನನ್ನು ಇಂದಿಗೂ ಕಾಡುತ್ತದೆ. ಮಳೆಗಾಲದಲ್ಲಿ ಬಂದರೆ ನೀವೇ ನೋಡಬಹುದು: ಕೆರೆಯ ಕೆಳಗಿನ ಎರೆಹೊಲದಲ್ಲಿ ಟ್ರ್ಯಾಕ್ಟರ್ ಹೂತುಕೊಂಡಾಗ ನಮ್ಮೂರ ಹುಡುಗರು ಎರಡು ಹಗ್ಗ ಕಟ್ಟಿ, ಎರಡು ಸಾಲಾಗಿ ನಿಲ್ಲುತ್ತಾರೆ. ಒಂದು ಸಾಲು ಹಾಡುವುದು ತೆಲುಗೇ ಇರಬೇಕು, ಇನ್ನೊಂದು ಲಂಬಾಣಿ ಮಾತಿನ ಚೂರು. ಎರಡೂ ಸವೆದು ಗುರುತೇ ಸಿಗದಂತಾಗಿವೆ. ಅರ್ಥ ಕೇಳಿದರೆ ಹುಡುಗರು ನಗುತ್ತಾರೆ. ಎಲ್ಲಿ ಎಳೆಯಬೇಕೆಂಬುದು ಮಾತ್ರ ಅವರಲ್ಲಿ ಒಬ್ಬನಿಗೂ ತಪ್ಪುವುದಿಲ್ಲ.