ಬಿಟ್ಟಮಾತಿನ ಕೆರೆ

ಮಾರಗೊಂಡನಹಳ್ಳಿಯ ಕೆರೆ ಏರಿಯ ಮೇಲೆ ಇಂದು ನಡೆದು ಹೋದರೆ, ಮೂಡಲ ತುದಿಯಲ್ಲಿ ಕಲ್ಲುಗಳ ಬಣ್ಣವೇ ಬೇರೆಯಾಗುತ್ತದೆ, ಯಾರೋ ಅವಸರದಲ್ಲಿ ತೇಪೆ ಹಾಕಿದ ಹಾಗೆ. ಆ ತೇಪೆಯ ಪಕ್ಕದಲ್ಲಿ ನಮ್ಮ ಊರಿನ ಇತಿಹಾಸ ಕೂಟದವರು ನೆಡಿಸಿದ ಒಂದು ಕಲ್ಲಿದೆ. ಅದರ ಮೇಲೆ ಒಂದೇ ಒಂದು ಮಾತು ಕೊರೆದಿದೆ. ಬಂದವರು ಎಷ್ಟೇ ದೊಡ್ಡವರಾಗಲಿ, ಆ ಮಾತನ್ನು ಗಟ್ಟಿಯಾಗಿ ಓದಿಸದೆ ನಾವು ಬಿಡುವುದಿಲ್ಲ. ಕೆಲವರಿಗೆ ಇದು ತಮಾಷೆ. ಬಿಟ್ಟಮಾತಿನ ಕೆರೆ ಎಂಬ ಹೆಸರು ಕೇಳಿಯೇ ನಕ್ಕವರಿದ್ದಾರೆ. ನಗಲಿ, ಹೆಸರು ಬಂದ ಬಗೆಯನ್ನು ಆಮೇಲೆ ಹೇಳುತ್ತೇವೆ.

ಹಿಂದೆ ಒಮ್ಮೆ ಇಲ್ಲಿ ಕೆರೆ ಇರಲಿಲ್ಲ, ಹಳ್ಳ ಹರಿಯುತ್ತಿತ್ತು. ಅದನ್ನು ತಡೆದು ಏರಿ ಕಟ್ಟಿದ ಹಿರಿಯರಿಗೆ ಬರವಣಿಗೆ ಬಾರದು. ತಾವು ಮಾಡಿದ್ದನ್ನು, ಕಂಡದ್ದನ್ನು ಒಂದು ಮನೆತನಕ್ಕೆ ಬಾಯಿಪಾಠ ಮಾಡಿಸಿದರು. ವರ್ಷವೂ ಮುಂಗಾರಿನ ಮೊದಲ ಮೋಡ ಕಂಡ ದಿನ ಆ ಮನೆಯ ಹಿರಿಯರು ಏರಿಯ ಮೇಲೆ ನಿಂತು ಕೆರೆಯ ಕತೆಯನ್ನು ಹೇಳಬೇಕು, ಊರೆಲ್ಲ ಕೂತು ಕೇಳಬೇಕು. ಅದಕ್ಕೆ 'ಹೇಳಿಕೆ' ಎಂದೇ ಹೆಸರು. ಅದರ ಕಟ್ಟಕಡೆಯ ಮಾತು ಹೀಗಿತ್ತು: "ಮೂಡಲ ತುದಿಯ ಕೆಳಗಿನದು ಹಳ್ಳದ ಹಾದಿ, ಅಲ್ಲಿ ಒಲೆ ಹೂಡಬೇಡಿ." ಹೇಳಿಕೆಯಲ್ಲಿ ಇದ್ದದ್ದು ನಿಜ, ಇಲ್ಲದ್ದು ಸುಳ್ಳು ಎಂಬಷ್ಟು ನಂಬಿಕೆ ಊರಿನವರಿಗೆ.

ಗುಜ್ಜಮ್ಮ ಎಂಬಾಕೆ ಹೇಳಿಕೆ ಹೇಳುತ್ತಿದ್ದ ಕಾಲದಲ್ಲಿ ಊರಗೌಡ ಸಿರುಮಪ್ಪ ಅದೇ ತಗ್ಗಿನಲ್ಲಿ ಹೊಸ ಕೇರಿ ಕಟ್ಟಿಸಿದನಂತೆ. ಒಳ್ಳೆಯ ಮಣ್ಣು, ಕೈಗೆಟಕುವ ನೀರು; ಯಾರಿಗೆ ಬೇಡ? ಗುಜ್ಜಮ್ಮನ ಮಗನಿಗೂ ಅಲ್ಲೊಂದು ಮನೆ ಕೊಟ್ಟ. ಆಮೇಲೆ ಬಂದು, "ಯವ್ವಾ, ಆ ಕಡೇ ಮಾತೊಂದ ಬಿಟ್‌ಬಿಡು. ಮಿಕ್ಕಿದ್ದೆಲ್ಲ ಹೇಳು, ಯಾರು ಬ್ಯಾಡ ಅಂತಾರೆ?" ಎಂದ. ಗುಜ್ಜಮ್ಮ ಬಿಟ್ಟಳು. ಮೊದಲ ವರ್ಷ ಹಿರಿಯರು ಮುಖ ಮುಖ ನೋಡಿಕೊಂಡರು, ಮರುವರ್ಷ ಸುಮ್ಮನಾದರು. ಕಾಲ ಕಳೆದು ಆ ಹಿರಿಯರೂ ಮಣ್ಣಾದರು, ಗುಜ್ಜಮ್ಮನ ಮಗನೂ ತೀರಿಕೊಂಡ. ಅವನ ಮಗಳು ಚಿಕ್ಕೀರಿ ತಗ್ಗಿನ ಮನೆಯಲ್ಲೇ ಹುಟ್ಟಿ, ಅಜ್ಜಿಯ ಬಾಯಿಂದಲೇ ಹೇಳಿಕೆ ಕಲಿತು, ಅಲ್ಲೇ ಸಂಸಾರ ಹೂಡಿದಳು.

ಒಂದು ವರ್ಷ ಹಿಡಿದ ಮಳೆ ಬಿಡಲೇ ಇಲ್ಲ ಎನ್ನುತ್ತಾರೆ. ಏರಿಯ ಮೂಡಲ ತುದಿಯಲ್ಲಿ ಕೆಸರುನೀರು ಜಿನುಗುವುದನ್ನು ಕಂಡ ಗುಜ್ಜಮ್ಮ ತಗ್ಗಿಗೆ ಓಡಿ, ಬೀದಿಯ ನಡುವೆ ನಿಂತು, ಅಷ್ಟು ವರ್ಷ ನುಂಗಿಕೊಂಡಿದ್ದ ಮಾತನ್ನು ಕೂಗಿ ಕೂಗಿ ಹೇಳಿದಳು. ಚಿಕ್ಕೀರಿ ಹೊರಗೆ ಬಂದು, "ಅದೆಲ್ಲೈತೆ ಅಜ್ಜಿ? ಹೇಳಿಕೇಲಿ ಆ ಮಾತಿಲ್ಲ. ನೀನೇ ಅಲ್ವಾ ನಂಗೆ ಕಲಿಸಿದ್ದು?" ಎಂದಳು. "ನಾ ಬಿಟ್ಟಿದ್ದೆ ಕಣೇ, ನಾನೇ ಬಿಟ್ಟಿದ್ದೆ! ಏಳ್ರೋ, ಮೇಲಕ್ಕೆ ಹತ್ರೋ!" ಎಂದು ಮುದುಕಿ ಅಂಗಲಾಚಿದಳು. ಅಜ್ಜಿಗೆ ಅರಳುಮರಳು ಎಂದು ಕೇರಿಯವರು ಮರುಗಿದರು. ಚಿಕ್ಕೀರಿ ಆಕೆಯನ್ನು ಒಳಗೆ ಕರೆದೊಯ್ದು, ಒಲೆಯ ಮುಂದೆ ಕೂರಿಸಿ, ಸೆರಗಿನಿಂದ ತಲೆ ಒರೆಸಿದಳು. ಬಾಗಿಲಾಚೆಯಿಂದ ಅದನ್ನು ಕಂಡು, ದನ ಹೊಡೆದುಕೊಂಡು ಏರಿ ಹತ್ತಿದ ದನಗಾಹಿಯೊಬ್ಬ ತಿರುಗಿ ನೋಡುವಷ್ಟರಲ್ಲಿ ಏರಿ ಒಡೆದಿತ್ತು. ತಗ್ಗಿನಲ್ಲಿ ಒಬ್ಬರೂ ಉಳಿಯಲಿಲ್ಲ. ಈ ಕತೆ ಉಳಿದದ್ದು, ಕೆರೆಗೆ ಬಿಟ್ಟಮಾತಿನ ಕೆರೆ ಎಂಬ ಹೆಸರು ಬಂದದ್ದು ಅವನೊಬ್ಬನಿಂದ.

ಅಂದಿನಿಂದ ಹೇಳಿಕೆ ಒಂದು ಮನೆಯ ಸ್ವತ್ತಲ್ಲ. ಈಗ ಅದನ್ನು ನಡೆಸುವುದು ನಮ್ಮ ಕೂಟ. ಒಬ್ಬರು ಹೇಳುತ್ತಾರೆ, ಉಳಿದವರು ಮಾತು ಬಿಟ್ಟುಹೋದೀತೆಂದು ಕಿವಿಗೊಟ್ಟು ಕೂರುತ್ತೇವೆ. ಈ ಮುಂಗಾರಿಗೂ ಒಂದಕ್ಷರ ಬಿಡದೆ ಹೇಳಿದೆವು. ಜನ ಚಪ್ಪಾಳೆ ತಟ್ಟಿದರು. ಒಬ್ಬಾತ ಬಂದು ನನ್ನ ಕೈ ಕುಲುಕಿ, "ಎಷ್ಟು ಚೆನ್ನಾಗಿ ಹೇಳ್ತೀರಾ ಸಾರ್! ಮಕ್ಳೂ ಕೇಳ್ಲಿ ಅಂತ ಕರ್ಕೊಂಡ್ ಬಂದೆ. ಇಲ್ಲೇ ಕೆಳಗಡೇನೇ ನಮ್ಮನೆ" ಎಂದ. ನೀವು ಬಂದಾಗ ಕಲ್ಲಿನ ಮೇಲಿನ ಆ ಬಿಟ್ಟ ಮಾತನ್ನು ಓದಿ, ಒಂದು ಗಳಿಗೆ ಅಲ್ಲೇ ನಿಲ್ಲಿ. ತಗ್ಗಿನ ಹೊಸ ಮನೆಗಳಿಂದ ಒಗ್ಗರಣೆಯ ವಾಸನೆ ಏರಿಯವರೆಗೂ ಬರುತ್ತದೆ.