ಅಟ್ಟದ ಮೇಲಿನ ಓಲೆ

"ಬುದ್ಧಿ, ಬಸುರಿಗೆ ಕೊಟ್ಟ ಮದ್ದಿನಿಂದ ಹುಟ್ಟುವ ಮಗುವಿಗೆ ಊನವಾದರೆ ಆ ಹೊಣೆ ಯಾರ ತಲೆಗೆ ಬರುತ್ತೆ?" ಎಂದು ಚನ್ನವೀರ ಗುರುಗಳನ್ನು ಕೇಳಿದ.

ಎಂಟು ದಿನದಿಂದ ನಾಲಿಗೆಯ ತುದಿಯಲ್ಲಿದ್ದ ಪ್ರಶ್ನೆ ಅದು. ಮಠದ ಮದ್ದಿನ ಕೋಣೆಯ ಬೀಗದ ಕೈ ಆ ವರ್ಷ ಗುರುಪಾದನ ಸೊಂಟಕ್ಕೆ ಹೋಗಿತ್ತು. ಚನ್ನವೀರ ಅವನಿಗಿಂತ ನಾಲ್ಕು ವರ್ಷ ಮೊದಲು ಬಂದ ಶಿಷ್ಯ. ಈಗಲೂ ಗುರುಪಾದ ಒಳಗೆ ಯಾರಿಗೋ ಮದ್ದು ಕೊಡುತ್ತಿದ್ದ, ಚನ್ನವೀರನ ಕಣ್ಣು ಆ ಬಾಗಿಲ ಮೇಲೇ ಇತ್ತು. ಗುರುಗಳು ಅದನ್ನು ನೋಡಿದರು. ನೋಡಿ ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಮೂರು ತಲೆಮಾರಿನ ವೈದ್ಯ. ಅವನ ಮನೆಯೆದುರಿಗೇ ಇನ್ನೊಬ್ಬ ವೈದ್ಯ ಬಂದು ನೆಲೆಸಿದ. ಚಿಕ್ಕ ವಯಸ್ಸು, ಮೆತ್ತಗಿನ ಮಾತು. ಕಾರಣವಿಲ್ಲದೆ ಅಳುವವರು, ಉಣ್ಣದೆ ಮಾತಾಡದೆ ಮೂಲೆ ಹಿಡಿದವರು, ಇಂಥವರಿಗೆಂದು ಅವನ ಹತ್ತಿರ ಒಂದು ಪುಡಿಯಿತ್ತು. ಒಂದು ತಿಂಗಳು ಅದನ್ನು ತಗೊಂಡವರು ಎದ್ದು ಒಲೆ ಹಚ್ಚುತ್ತಿದ್ದರು, ನಾಲ್ಕು ಜನರೊಡನೆ ನಗುತ್ತಿದ್ದರು.

ಹಳೆಯ ವೈದ್ಯನಿಗೆ ಹೊಟ್ಟೆ ಉರಿಯಿತು. ಸುತ್ತಿ ಬಳಸಿ ಹೇಳುವುದೇನು, ಉರಿಯಿತು. ಬೆಳಿಗ್ಗೆ ಎದ್ದವನು ದೇವರ ಮುಖ ನೋಡುವ ಮೊದಲು, ಎದುರು ಮನೆಯ ಬಾಗಿಲಲ್ಲಿ ಎಷ್ಟು ಜೊತೆ ಚಪ್ಪಲಿ ಇವೆ ಎಂದು ನೋಡುತ್ತಿದ್ದ. ಒಂದು ದಿನ ಅವನ ಹೆಂಡತಿಯೇ, "ಏನೇ ಹೇಳಿ, ಆ ಹುಡುಗನ ಕೈಗುಣ ಚೆನ್ನಾಗಿದೆ ಕಣ್ರೀ" ಎಂದಳು. ಅಂದು ಅವನಿಗೆ ಅನ್ನ ಸೇರಲಿಲ್ಲ.

ಅವನು ಆ ಪುಡಿಯ ಒಂದು ಪೊಟ್ಟಣ ತರಿಸಿದ. ಮೂಸಿದ, ನಾಲಿಗೆಗೆ ಹಚ್ಚಿದ. ಒಂದು ಬೇರಿನ ಗುರುತು ಹತ್ತಿತು. ಅಟ್ಟ ಹತ್ತಿ ತಾತನ ಓಲೆಗರಿಯ ಕಟ್ಟು ಬಿಚ್ಚಿದ. ಅದರಲ್ಲಿ ಬರೆದಿತ್ತು: ಈ ಬೇರನ್ನು ಮೂರು ತಿಂಗಳು ತುಂಬದ ಬಸುರಿಗೆ ಕೊಡಬಾರದು, ಹುಟ್ಟುವ ಕೂಸಿನ ತುಟಿ ಸೀಳೀತು.

ಓದಿ ಅವನಿಗೆ ಖುಷಿಯಾಯಿತು. ಕೇಳಿಸಿಕೋ ಚನ್ನವೀರ, ಭಯವಲ್ಲ, ಖುಷಿ. ಎದುರು ಮನೆಯವನು ಇಂದಲ್ಲ ನಾಳೆ ಮುಗ್ಗರಿಸುತ್ತಾನೆ ಎಂದುಕೊಂಡ. ಓಲೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟ.

ಬೀದಿಯ ಕೊನೆಯಲ್ಲಿ ಒಬ್ಬ ಬಳೆಗಾರನ ಮನೆ. ಅವನ ಹೆಂಡತಿ ಮೊದಲ ಮಗು ಸತ್ತ ಮೇಲೆ ಎರಡು ಸಲ ಬಾವಿಯ ಕಟ್ಟೆ ಹತ್ತಿದವಳು. ಆ ಪುಡಿ ಅವಳನ್ನು ಉಳಿಸಿತು. ಅವಳು ಮತ್ತೆ ಬಸುರಾದಳು. ಒಂದು ದಿನ ಪೊಟ್ಟಣ ಹಿಡಿದು ಬರುವಾಗ ಸುಸ್ತಾಗಿ ಹಳೆಯ ವೈದ್ಯನ ಜಗಲಿಯ ಮೇಲೆ ಕೂತಳು.

"ಪಂಡಿತರೇ, ನನಗೀಗ ಎರಡು ತಿಂಗಳು. ಈ ಪುಡಿಯಿಂದ ಮಗೂಗೆ ಏನೂ ಆಗಲ್ವಾ?"

ವೈದ್ಯರಲ್ಲಿ ಒಂದು ಕಟ್ಟಳೆಯುಂಟು. ಒಬ್ಬ ಕೊಟ್ಟ ಮದ್ದನ್ನು ಇನ್ನೊಬ್ಬ ಹಳಿಯಬಾರದು. ಅವನು ಅದನ್ನು ಎಂದೂ ಕಿವಿಗೆ ಹಾಕಿಕೊಂಡವನೇ ಅಲ್ಲ, ಊರ ತುಂಬ ಎದುರು ಮನೆಯವನನ್ನು ಆಡಿಕೊಂಡೇ ತಿರುಗಿದವನು. ಅಂದು ಮಾತ್ರ ಆ ಕಟ್ಟಳೆ ನೆನಪಾಯಿತು.

"ಕೊಟ್ಟವರನ್ನೇ ಕೇಳಮ್ಮ. ಇನ್ನೊಬ್ಬರ ಮದ್ದಿನ ವಿಚಾರ ನಾನು ಮಾತಾಡಬಾರದು" ಎಂದ.

ಕೊಟ್ಟವನನ್ನು ಅವಳು ಆಗಲೇ ಕೇಳಿದ್ದಳು. ಏನೂ ಆಗುವುದಿಲ್ಲ ಎಂದಿದ್ದ. ಅವನಿಗೆ ಗೊತ್ತಿದ್ದದ್ದು ಅಷ್ಟೇ.

ಮಗು ಹುಟ್ಟಿತು. ಮೇಲ್ತುಟಿ ಮೂಗಿನವರೆಗೆ ಸೀಳಿತ್ತು. ಮೊಲೆ ಹಿಡಿಯಲು ಬಾರದೆ ಹಸಿವಿನಿಂದ ಅರಚುತ್ತಿತ್ತು. ಬಳೆಗಾರ ನ್ಯಾಯಕ್ಕೆ ಹೋದ. ಯಾರೂ ಕರೆಯದಿದ್ದರೂ ಹಳೆಯ ವೈದ್ಯ ಓಲೆ ಹಿಡಿದು ಓಡಿದ, ಸಭೆಯ ನಡುವೆ ನಿಂತು ಗಟ್ಟಿಯಾಗಿ ಓದಿದ. ಚಿಕ್ಕ ವೈದ್ಯ ಕೈಮುಗಿದು, "ನನಗೆ ತಿಳಿದಿರಲಿಲ್ಲ. ತಿಳಿದುಕೊಂಡು ಕೊಡಬೇಕಾಗಿತ್ತು. ಹೊಣೆ ನನ್ನದೇ" ಎಂದ. ಆ ಮಗು ಬದುಕಿರುವವರೆಗೆ ಅದರ ಆರೈಕೆ ಅವನದೇ ಎಂದು ತೀರ್ಪಾಯಿತು.

ಹಳೆಯ ವೈದ್ಯ ಮದುವಣಿಗನಂತೆ ಹೆಗಲ ವಸ್ತ್ರ ಸರಿಮಾಡಿಕೊಂಡ. ಆಗ ನ್ಯಾಯಾಧಿಪತಿ, "ಈ ಓಲೆ ಯಾವಾಗಿನಿಂದ ನಿಮ್ಮ ಹತ್ತಿರ ಇದೆ?" ಎಂದು ಕೇಳಿದ.

"ನಮ್ಮ ತಾತನ ಕಾಲದಿಂದ" ಎಂದ ಹೆಮ್ಮೆಯಿಂದ.

ಬಳೆಗಾರನ ಹೆಂಡತಿ ಹತ್ತಿಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಮಗುವಿನ ಬಾಯಿಗೆ ಹಿಂಡುತ್ತಿದ್ದಳು. ತಲೆಯೆತ್ತಿದಳು.

"ನಿಮ್ಮ ಜಗಲಿ ಮೇಲೆ ಕೂತು ಕೇಳಿದ್ದೆನಲ್ಲ ಪಂಡಿತರೇ."

ಅಷ್ಟೇ ಅಂದಳು. ಅವನಿಗೆ ಯಾವ ದಂಡವೂ ಆಗಲಿಲ್ಲ. ಬಾಯಿ ಮುಚ್ಚಿಕೊಂಡವನನ್ನು ಏನು ಮಾಡಬೇಕೆಂದು ಆ ಊರಿನ ಕಾನೂನಿನಲ್ಲಿ ಇರಲಿಲ್ಲ. ಅವನು ಮನೆಗೆ ಬಂದ. ಓಲೆಯನ್ನು ಅಟ್ಟಕ್ಕೆ ಏರಿಸಲು ಹೋದರೆ ಕೈ ಮೇಲೇಳಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಚನ್ನವೀರನಿಗೆ ಸಾಲಲಿಲ್ಲ.

"ಹಾಗಾದರೆ ತಪ್ಪು ಕೊಟ್ಟವನದೋ, ಸುಮ್ಮನಿದ್ದವನದೋ? ಅದನ್ನು ಹೇಳಿ ಬುದ್ಧಿ."

ಮದ್ದಿನ ಕೋಣೆಯ ಬಾಗಿಲು ತೆರೆಯಿತು. ಒಬ್ಬಳು ಹೆಂಗಸು ಪೊಟ್ಟಣವನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತ ಹೊರಬಂದಳು. ಗುರುಪಾದ ಹೊಸ್ತಿಲವರೆಗೆ ಬಂದು ಅವಳನ್ನು ಕಳಿಸಿಕೊಟ್ಟ. ಚನ್ನವೀರ ಅವಳನ್ನು ನೋಡಿದ, ತಟ್ಟನೆ ನೆಲ ನೋಡಿದ.

"ಅದನ್ನು ಆಮೇಲೆ ತೀರ್ಮಾನಿಸೋಣ, ಆ ತಾಯಿಗೆ ಈಗ ಎಷ್ಟು ತಿಂಗಳು?" ಎಂದರು ಗುರುಗಳು.